ಮೂರೇ ಜನ ನುಡಿಸಿದ ಹಾಡು

1970ರ ಜನವರಿ 3, ಶನಿವಾರ. ಲಂಡನ್ನಿನ ಇಎಂಐ ಸ್ಟುಡಿಯೋಗೆ ಮೂರು ಜನ ಬಂದರು: ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ನಾಲ್ಕನೆಯವನಾದ ಜಾನ್ ಲೆನನ್ ಡೆನ್ಮಾರ್ಕ್‌ನಲ್ಲಿ ರಜೆಯಲ್ಲಿದ್ದ. ರಜೆ ಅನ್ನೋದು ಬರೀ ಮಾತಿಗೆ. ಮೂರು ತಿಂಗಳ ಹಿಂದೇನೇ, ಅಂದ್ರೆ 1969ರ ಸೆಪ್ಟೆಂಬರ್ 20ಕ್ಕೆ, ಅವನು ಮೀಟಿಂಗ್‌ನಲ್ಲಿ ಕೂತು ‘ನಾನು ಬ್ಯಾಂಡ್ ಬಿಡ್ತೀನಿ’ ಅಂತ ಹೇಳಾಗಿತ್ತು. ರೆಕಾರ್ಡ್ ಕಂಪನಿ ಜೊತೆ ವ್ಯವಹಾರ ನಡೀತಿದ್ದ ಕಾರಣ ಹೊರಗೆ ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಆ ದಿನ ಮೂವರೂ ಸೇರಿ ಜಾರ್ಜ್ ಬರೆದ ‘ಐ ಮಿ ಮೈನ್’ ಅನ್ನೋ ಹಾಡನ್ನ ನುಡಿಸಿದರು. ಒಂದಲ್ಲ ಎರಡಲ್ಲ, ಹದಿನಾರು ಟೇಕ್. ಹಾಡು ಇದ್ದದ್ದು ಒಂದು ನಿಮಿಷ ಮೂವತ್ನಾಲ್ಕು ಸೆಕೆಂಡ್. ಮಧ್ಯೆ ಜಾರ್ಜ್ ಮೈಕ್ ಮುಂದೆ ಒಂದು ಜೋಕ್ ಹೊಡೀತಾನೆ. ಆಗ ಇದ್ದ ಇನ್ನೊಂದು ಬ್ಯಾಂಡಿನ ಹೆಸರು ತಗೊಂಡು, ಅವರಲ್ಲಿ ಒಬ್ಬ ಈಗ ನಮ್ಮ ಜೊತೆ ಇಲ್ಲ, ಆದರೂ ಉಳಿದವರು ಒಳ್ಳೇ ಕೆಲಸ ಮುಂದುವರಿಸ್ತೀವಿ ಅನ್ನೋ ಅರ್ಥದಲ್ಲಿ. ಆ ಮಾತು ಟೇಪಲ್ಲಿ ಹಾಗೇ ಉಳಿದಿದೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಎರಡನೇ ಸಲ ಬರಲಿಲ್ಲ.

ಹೊಸ ಹಾಡೊಂದನ್ನ ಮೊದಲಿಂದ ರೆಕಾರ್ಡ್ ಮಾಡೋಕೆ ಬೀಟಲ್ಸ್ ಹೆಸರಲ್ಲಿ ಜನ ಸೇರಿದ್ದು ಅದೇ ಕೊನೆ. ಕೊನೇ ಹಾಡಿನ ಹೆಸರು ‘ನಾನು, ನನಗೆ, ನನ್ನದು’. ಇಂಥದ್ದನ್ನ ಕತೆಯಲ್ಲಿ ಬರೆದ್ರೆ ನಮ್ಮ ಸಂಪಾದಕಿ ‘ತುಂಬಾ ಫಿಲ್ಮಿ’ ಅಂತ ವಾಪಸ್ ಕಳಿಸ್ತಾರೆ.

ಅವರು ಇನ್ನೊಂದು ಪ್ರಶ್ನೇನೂ ಕೇಳಿದ್ರು: ಕನ್ನಡ ಸಂಘದ ಪತ್ರಿಕೆಗೆ ಬೀಟಲ್ಸ್ ಯಾಕೆ? ನನ್ನ ಉತ್ತರ, ಮೂರೇ ಜನ ಸೇರಿ ನುಡಿಸಿದ ಹಾಡು ನಮ್ಮ ಹತ್ರಾನೂ ಒಂದಿದೆ, ಅದು ಕನ್ನಡ ಹಾಡು. ಅದಕ್ಕೇ.

ನಮ್ಮ ಮನೆ ಕೆಆರ್ ಪುರದಲ್ಲಿ. ತಾತ ದೂರವಾಣಿನಗರದ ಐಟಿಐನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. (ತಾಂತ್ರಿಕ ಶಿಕ್ಷಣದ ಐಟಿಐ ಅಲ್ಲ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಪ್ರತಿ ಸಲ ಇದನ್ನ ಹೇಳಬೇಕಾಗತ್ತೆ.) ರಾಕ್ ಮ್ಯೂಸಿಕ್ ಬಂದಿದ್ದು ತಾತನಿಂದ ಅಲ್ಲ, ಸೋದರಮಾವನಿಂದ. ಅವರು ಪ್ಯಾಲೇಸ್ ಗ್ರೌಂಡ್ಸ್ ತಲೆಮಾರು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲವನ್ನೂ ನಿಂತು ನೋಡಿದವರು. ಈಗಲೂ ಯಾವ ಮದುವೆಗೆ ಹೋದ್ರೂ ಆ ಕತೆ ಬಂದೇ ಬರತ್ತೆ. ಅವರಿಗೆ ಬೀಟಲ್ಸ್ ಅಂದ್ರೆ ಸ್ವಲ್ಪ ಅಸಡ್ಡೆ, ‘ಅದು ಮಕ್ಕಳ ಪದ್ಯ ಕಣೋ’ ಅಂತಾರೆ. ನಾನು ಒಪ್ಪಲ್ಲ.

ನಾನು ಬೀಟಲ್ಸ್ ಹಿಡಿದಿದ್ದು ಮೆಟ್ರೋದಲ್ಲಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆಆರ್ ಪುರಕ್ಕೆ ನೇರಳೆ ಮಾರ್ಗ ಕೂಡಿಕೊಂಡ ಮೇಲೆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ಕಳೀತಿದ್ದ ಟೈಮು ನನಗೆ ಬಿಟ್ಟಿ ಸಿಕ್ಕಿತು. ಹಾಗೆ ಸಿಕ್ಕಿದ ಟೈಮಲ್ಲಿ ಪೀಟರ್ ಜ್ಯಾಕ್ಸನ್ ಮಾಡಿದ ‘ಗೆಟ್ ಬ್ಯಾಕ್’ ಡಾಕ್ಯುಮೆಂಟರಿ ನೋಡಿದೆ. 2021ರಲ್ಲಿ ಬಂದಿದ್ದು, ಮೂರು ಭಾಗ, ಎಂಟು ಗಂಟೆಗೆ ಸ್ವಲ್ಪ ಕಮ್ಮಿ. ಕೆಆರ್ ಪುರದಿಂದ ಎಂಜಿ ರೋಡ್‌ವರೆಗೆ ದಿನಕ್ಕೆ ಒಂದೊಂದು ತುಣುಕು. ಹಲಸೂರು ದಾಟುವಾಗ ಪಾಲ್ ಪಿಯಾನೋ ಮುಂದೆ ಕೂತಿರ್ತಾನೆ, ಟ್ರಿನಿಟಿ ಬರೋ ಹೊತ್ತಿಗೆ ಒಂದು ಹಾಡು ಹುಟ್ಟಿರತ್ತೆ. ಹಾಗೆ.

ಆ ಚಿತ್ರದಲ್ಲಿರೋದು 1969ರ ಜನವರಿ. ಟ್ವಿಕನಮ್ ಅನ್ನೋ ಕಡೆ ಒಂದು ದೊಡ್ಡ ಸಿನಿಮಾ ಶೆಡ್. ಬೆಳಗ್ಗೆ ಬೆಳಗ್ಗೆ ಬಂದು, ಚಳಿಯಲ್ಲಿ, ಕ್ಯಾಮೆರಾ ಮುಂದೆ ಹೊಸ ಹಾಡು ಕಟ್ಟಬೇಕು. ಒಂದು ದಿನ ಪಾಲ್ ಜಾರ್ಜ್‌ಗೆ ಗಿಟಾರ್ ಹೇಗೆ ನುಡಿಸಬೇಕು ಅಂತ ಹೇಳಿಕೊಡ್ತಾನೆ. ಒಂದು ಸಲ ಅಲ್ಲ, ಹೇಳ್ತಾನೇ ಇರ್ತಾನೆ. ಜಾರ್ಜ್ ಸಿಟ್ಟು ಮಾಡಲ್ಲ. ನೀನು ಹೇಗೆ ಹೇಳ್ತೀಯೋ ಹಾಗೇ ನುಡಿಸ್ತೀನಿ, ಬೇಡ ಅಂದ್ರೆ ನುಡಿಸೋದೇ ಇಲ್ಲ ಅನ್ನೋ ಥರ ತಣ್ಣಗೆ ಉತ್ತರ ಕೊಡ್ತಾನೆ. ಜಗಳದಲ್ಲಿ ಕೂಗಾಡೋರಿಗಿಂತ ಹೀಗೆ ತಣ್ಣಗಾಗೋರನ್ನ ಕಂಡ್ರೆ ನನಗೆ ಜಾಸ್ತಿ ಭಯ. ಜನವರಿ 10ಕ್ಕೆ ಊಟದ ಹೊತ್ತಲ್ಲಿ ಜಾರ್ಜ್ ಎದ್ದು ಹೋಗಿಬಿಟ್ಟ.

ಇಲ್ಲಿಂದ ಎಂಜಿನಿಯರಿಂಗ್ ಶುರು, ಇಸಿಯವರು ಗಮನ ಕೊಡಿ. ಅವತ್ತಿನ ಚಿತ್ರೀಕರಣದಲ್ಲಿ ಮಾತುಕತೆ ಎಲ್ಲ ನಾಗ್ರಾ ಅನ್ನೋ ರೆಕಾರ್ಡರ್‌ನಲ್ಲಿ ಮೋನೋದಲ್ಲಿ ತುಂಬಿಕೊಳ್ಳುತ್ತಿತ್ತು. ಮೋನೋ ಅಂದ್ರೆ ಒಂದೇ ಚಾನೆಲ್. ಮಾತು, ಗಿಟಾರ್, ಕೆಮ್ಮು, ಕುರ್ಚಿ ಎಳೆಯೋ ಸದ್ದು ಎಲ್ಲ ಒಂದೇ ಪಾತ್ರೆಗೆ. ನೂರೈವತ್ತು ಗಂಟೆ ಮೀರಿದ ಟೇಪ್ ಇತ್ತು. ಬೀಟಲ್ಸ್ ಇನ್ನೂ ಬುದ್ಧಿವಂತರು. ಗುಟ್ಟು ಮಾತಾಡಬೇಕಾದಾಗ ಸುಮ್ಮನೆ ಗಿಟಾರ್ ಜೋರಾಗಿ ಮೀಟ್ತಾ ಕೂತ್ಕೋತಿದ್ರಂತೆ, ಮೈಕ್‌ಗೆ ಮಾತು ಕೇಳಿಸಬಾರದು ಅಂತ. ಐವತ್ತು ವರ್ಷ ಆ ಉಪಾಯ ನಡೀತು. ಆಮೇಲೆ ಜ್ಯಾಕ್ಸನ್ ತಂಡ ಯಂತ್ರ ಕಲಿಕೆಯ ಒಂದು ಸಾಫ್ಟ್‌ವೇರ್ ಮಾಡಿ ಗಿಟಾರನ್ನ ಬೇರೆ, ಮಾತನ್ನ ಬೇರೆ ಎತ್ತಿ ಇಟ್ಟಿತು. ಅದಕ್ಕೆ ‘ಮಾಲ್’ ಅಂತ ಹೆಸರು, ಬೀಟಲ್ಸ್ ಜೊತೆ ಸದಾ ಇರುತ್ತಿದ್ದ ಮಾಲ್ ಇವಾನ್ಸ್ ನೆನಪಿಗೆ.

ಜಾರ್ಜ್ ಹೋದ ಮೇಲೆ ಜಾನ್ ಮತ್ತು ಪಾಲ್ ಕ್ಯಾಂಟೀನಲ್ಲಿ ಕೂತು ಮಾತಾಡಿದ್ದೂ ಹೀಗೇ ಹೊರಗೆ ಬಂತು. ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್ ಹೂವಿನ ಕುಂಡದೊಳಗೆ ಮೈಕ್ ಇಟ್ಟಿದ್ದ! ಅವರಿಬ್ಬರೂ ಜಾರ್ಜ್‌ನ ನಾವು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಒಪ್ಪಿಕೊಳ್ಳೋ ಮಾತು ಅದರಲ್ಲಿದೆ. ಜಾರ್ಜ್ ಅದನ್ನ ಕೇಳಲೇ ಇಲ್ಲ. ಅವನು 2001ರಲ್ಲೇ ತೀರಿಕೊಂಡ. ನಾನು, ಕೆಆರ್ ಪುರದ ಹುಡುಗ, ಸ್ವಾಮಿ ವಿವೇಕಾನಂದ ರೋಡ್ ಸ್ಟೇಷನ್ನಲ್ಲಿ ಬಾಗಿಲಿಗೆ ಒರಗಿಕೊಂಡು ಅದನ್ನ ಕೇಳಿದೆ. ಇದು ಸರೀನಾ ಅಂತ ಅವತ್ತಿಂದ ತಲೇಲಿ ಕೊರೀತಾ ಇತ್ತು.

ಜಾರ್ಜ್ ಕೆಲವು ದಿನಕ್ಕೆ ವಾಪಸ್ ಬಂದ. ಶೆಡ್ ಬೇಡ ಅಂತ ಎಲ್ಲರೂ ಸ್ಯಾವಿಲ್ ರೋನಲ್ಲಿದ್ದ ತಮ್ಮದೇ ಕಚೇರಿಯ ನೆಲಮಾಳಿಗೆಗೆ ಹೋದ್ರು. ಅಲ್ಲಿಗೆ ಬಿಲ್ಲಿ ಪ್ರೆಸ್ಟನ್ ಅನ್ನೋ ಕೀಬೋರ್ಡ್ ವಾದಕ ಬಂದ ತಕ್ಷಣ ಎಲ್ಲರೂ ಒಳ್ಳೇ ಮಕ್ಕಳಾಗಿಬಿಟ್ಟರು. ನಮ್ಮ ಮನೇಲಿ ನೆಂಟರು ಬಂದಾಗ ಆಗೋ ಥರಾನೇ. ಜನವರಿ 30ಕ್ಕೆ ಅದೇ ಕಟ್ಟಡದ ತಾರಸಿ ಮೇಲೆ ನಲವತ್ತೆರಡು ನಿಮಿಷ ನುಡಿಸಿದರು, ಪೊಲೀಸರು ಬಂದ್ರು, ಮುಗೀತು. ಅದು ಜನರೆದುರು ಕೊನೇದು.

ನಮ್ಮದೂ ತಾರಸಿಯೇ. ನಮ್ಮ ಮನೆ ಮೇಲೆ ಒಂದು ಶೀಟಿನ ರೂಮಿದೆ, ಮೊದಲು ಹಳೇ ಸಾಮಾನು ಇಡ್ತಿದ್ವಿ. ಅಲ್ಲಿ ನಾವು ನಾಲ್ಕು ಜನ ಸೇರ್ತಿದ್ವಿ. ನಾನು ಡ್ರಮ್ಸ್. ಅದಕ್ಕೂ ಮುಂಚೆ ಹಲಸೂರಲ್ಲಿ ಐದು ವರ್ಷ ಮೃದಂಗ ಕಲಿತಿದ್ದೆ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದೀಲಿ. ಬೇಸ್ ನುಡಿಸೋನು ಫೈನಲ್ ಇಯರ್. ಹಾಡೋಳು ದಾವಣಗೆರೆಯವಳು, ಇಂದಿರಾನಗರದ ಹತ್ರ ಪೀಜಿಲಿ ಇರ್ತಾಳೆ, ಹಾಡು ಬರೆಯೋಳೂ ಅವಳೇ. ಗಿಟಾರ್‌ನವನು ಶಿವಾಜಿನಗರ. ಮನೇಲಿ ಉರ್ದು, ಬೀದೀಲಿ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದ್ರೆ ಮೂರೂ. ಅವನು ಗಿಟಾರ್ ಬೆನ್ನಿಗೆ ಹಾಕ್ಕೊಂಡು ಎರಡು ಬಸ್ ಬದಲಾಯಿಸಿ ಬರ್ತಿದ್ದ. ಕಂಡಕ್ಟರ್‌ಗಳು ಅದಕ್ಕೂ ಲಗೇಜ್ ಟಿಕೆಟ್ ಕೇಳಿದ ಕತೆಗಳು ಅವನ ಹತ್ರ ಒಂದು ಮೂಟೆ ಇವೆ.

ಒಂದೇ ಒಂದು ಸ್ವಂತ ಹಾಡು ಮಾಡಿದ್ವಿ. ಉಳಿದಿದ್ದೆಲ್ಲ ಬೇರೆಯವರದ್ದು, ಫೆಸ್ಟ್‌ಗೆ ಅಂತ. ಈ ಹಾಡು ಹುಟ್ಟಿದ್ದು ಗಿಟಾರ್‌ನವನು ಟ್ಯೂನ್ ಮಾಡ್ತಾ ಸುಮ್ಮನೆ ನುಡಿಸಿದ ನಾಲ್ಕು ಸ್ವರದಿಂದ. ಅದರ ಮೇಲೆ ಅವಳು ಸಾಲು ಕೂರಿಸಿದಳು. ಕಳೆದ ಜುಲೈನಲ್ಲಿ ಒಂದು ಭಾನುವಾರ ಅದನ್ನ ನನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ, ಮರೀಬಾರದು ಅಂತ.

ನವೆಂಬರಲ್ಲಿ ಟ್ವಿಕನಮ್ ಆಯ್ತು. ಆ ನಾಲ್ಕು ಸ್ವರವನ್ನ ಹೇಗೆ ನುಡಿಸಬೇಕು ಅಂತ ಹಾಡೋಳು ಹೇಳಿದಳು, ಬೇಸ್‌ನವನೂ ಹೇಳಿದ. ನಿಧಾನ ಮಾಡು, ಅಲ್ಲಿ ಬಿಡು, ಇಲ್ಲಿ ಹಿಡಿ. ಫೆಸ್ಟ್‌ಗೆ ಒಂಬತ್ತು ದಿನ ಇತ್ತು. ಅವನು ‘ಸರಿ, ಸರಿ’ ಅಂತ ಎರಡು ಸಲ ಅಂದ. ಆಮೇಲೆ ಕೇಬಲ್ ಸುತ್ತಿ, ಪೆಡಲ್ ಬ್ಯಾಗಿಗೆ ಹಾಕಿ, ಅಮ್ಮ ಕೊಟ್ಟ ಚಿತ್ರಾನ್ನ ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು ಹೋದ. ಗ್ರೂಪ್‌ನಿಂದ ಎಕ್ಸಿಟ್ ಆಗಲಿಲ್ಲ, ಮೆಸೇಜೂ ಹಾಕಲಿಲ್ಲ. ನಾವು ಫೆಸ್ಟ್‌ನಿಂದ ಹೆಸರು ವಾಪಸ್ ತಗೊಂಡ್ವಿ. ಬೇಸ್‌ನವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಜೂನ್‌ಗೆ ಹೇಗಿದ್ರೂ ಎಲ್ಲ ಮುಗೀತಿತ್ತು.

ಫೆಬ್ರವರಿಯಲ್ಲಿ ಅವನೇ ಅಂದ, ‘ಲೋ, ಆ ಒಂದು ಹಾಡು ಮಾತ್ರ ರೆಕಾರ್ಡ್ ಮಾಡಿ ಹೋಗೋಣ.’

ಬೀಟಲ್ಸ್ ಕೂಡ ಇದನ್ನೇ ಮಾಡಿದ್ರು. ಜನವರಿಯ ಟೇಪ್‌ಗಳನ್ನ ನೋಡೋಕೂ ಅವರಿಗೆ ಮನಸ್ಸಿರಲಿಲ್ಲ, ಪಕ್ಕಕ್ಕಿಟ್ರು. ಆದರೆ ಬೇಸಿಗೆಯಲ್ಲಿ ಮತ್ತೆ ಸ್ಟುಡಿಯೋಗೆ ಬಂದು ‘ಆ್ಯಬಿ ರೋಡ್’ ಮಾಡಿದ್ರು. ನನ್ನ ಪ್ರಕಾರ ಅವರ ಆಲ್ಬಂಗಳಲ್ಲಿ ಇದೇ ಮೊದಲನೇದು, ಮಾವ ಏನಾದ್ರೂ ಹೇಳಲಿ. ಸ್ಟುಡಿಯೋಗೆ ಆಗಷ್ಟೇ ಹೊಸ ಮಿಕ್ಸಿಂಗ್ ಡೆಸ್ಕ್ ಬಂದಿತ್ತು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್, ನಾಲ್ಕು ಟ್ರ್ಯಾಕ್ ಬದಲು ಎಂಟು ಟ್ರ್ಯಾಕ್. ಆ ಆಲ್ಬಂ ಸದ್ದು ಮೆತ್ತಗೆ, ದುಂಡಗೆ ಕೇಳೋದಕ್ಕೆ ಅದೂ ಒಂದು ಕಾರಣ ಅಂತ ಎಂಜಿನಿಯರ್‌ಗಳೇ ಹೇಳಿದ್ದಾರೆ. ಇದನ್ನ ತಾತನಿಗೆ ಹೇಳಿದಾಗ ‘ನಮ್ಮ ಫ್ಯಾಕ್ಟರೀಲೂ ವಾಲ್ವ್ ಬಿಟ್ಟು ಟ್ರಾನ್ಸಿಸ್ಟರ್ ಹಿಡಿದಾಗ ಹಳಬರು ಅತ್ತಿದ್ರು’ ಅಂತ ನಕ್ಕರು.

ಜುಲೈ ಮೊದಲಲ್ಲಿ ಜಾನ್‌ಗೆ ಸ್ಕಾಟ್ಲೆಂಡಲ್ಲಿ ಕಾರ್ ಆ್ಯಕ್ಸಿಡೆಂಟ್ ಆಯ್ತು. ಅವನು ಬರೋದರೊಳಗೆ ಉಳಿದ ಮೂವರು ‘ಹಿಯರ್ ಕಮ್ಸ್ ದ ಸನ್’ ಶುರು ಮಾಡಿದ್ರು. ಇಡೀ ಪ್ರಪಂಚ ಬೀಟಲ್ಸ್ ಅಂತ ಗುನುಗೋ ಆ ಹಾಡಲ್ಲಿ ಜಾನ್ ಇಲ್ಲವೇ ಇಲ್ಲ. ನಾನು ಎಷ್ಟೋ ಸಲ ಕೇಳಿದ ಮೇಲೆ ಇದು ಗೊತ್ತಾಗಿದ್ದು. ಮೃದಂಗ ಕಲಿತವರು ಆ ಹಾಡಿನ ಮಧ್ಯಭಾಗವನ್ನ ಒಮ್ಮೆ ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ. ನಾಲ್ಕರ ನಡೆ ನೆಟ್ಟಗೆ ಹೋಗ್ತಾ ಇರತ್ತೆ, ಇದ್ದಕ್ಕಿದ್ದಂಗೆ ಮೂರು ಮೂರರ ಗುಂಪು ಬಂದು ಲೆಕ್ಕ ತಪ್ಪಿಸಿ ಮತ್ತೆ ಸರಿಯಾಗಿ ಸಮಕ್ಕೆ ಬಂದು ಕೂರತ್ತೆ. ನಮ್ಮ ಮುಕ್ತಾಯದ ಲೆಕ್ಕದ ದಾಯಾದಿ ಅದು. ಜಾರ್ಜ್ ರವಿಶಂಕರ್ ಹತ್ರ ಸಿತಾರ್ ಕಲಿತವನು, 1968ರ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮವರ ಜೊತೆ ರೆಕಾರ್ಡ್ ಮಾಡಿದವನು. ಆ ಕೈವಾಡ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಬಂ ಕೊನೆಗೆ ಬರೋದು ‘ದಿ ಎಂಡ್’. ಅದರಲ್ಲಿ ಪಾಲ್, ಜಾರ್ಜ್, ಜಾನ್ ಅದೇ ಕ್ರಮದಲ್ಲಿ ಎರಡೆರಡು ಬಾರ್ ಗಿಟಾರ್ ಸೋಲೋ ನುಡಿಸ್ತಾರೆ, ಒಬ್ಬನ ಬಾಲ ಹಿಡಿದು ಇನ್ನೊಬ್ಬ, ಮೂರು ಸುತ್ತು. ಕಣ್ಣು ಮುಚ್ಚಿ ಕೇಳಿದ್ರೆ ಯಾರು ಯಾರು ಅಂತ ಗೊತ್ತಾಗತ್ತೆ: ಒಬ್ಬ ಚೂಪು, ಒಬ್ಬ ಹಾಡೋ ಥರ, ಒಬ್ಬ ಗೊರಗೊರ. ಆಮೇಲೆ ಲಾಯರ್ ಮೂಲಕ ಮಾತಾಡೋ ಮಟ್ಟಕ್ಕೆ ಹೋದವರು ಇದನ್ನ ನುಡಿಸಿದ್ರು ಅಂದ್ರೆ ನಂಬೋಕಾಗಲ್ಲ. ಆಗಸ್ಟ್ 20ಕ್ಕೆ ನಾಲ್ವರೂ ಕೊನೇ ಸಲ ಒಂದೇ ಸ್ಟುಡಿಯೋದಲ್ಲಿ ಇದ್ರು. ಅವತ್ತು ಯಾರೂ ಯಾವ ಭಾಷಣಾನೂ ಮಾಡಲಿಲ್ಲ, ಹಾಡುಗಳ ಕ್ರಮ ಹೇಗಿರಬೇಕು ಅಂತ ನೋಡಿ ಮನೆಗೆ ಹೋದ್ರು.

‘ದಿ ಎಂಡ್’ ಕೊನೆ ಅಂದ್ನಲ್ಲ, ನಿಜವಾಗಿ ಅದಲ್ಲ. ಹದಿನಾಲ್ಕು ಸೆಕೆಂಡ್ ಮೌನ ಆದ್ಮೇಲೆ ‘ಹರ್ ಮೆಜೆಸ್ಟಿ’ ಅಂತ ಇಪ್ಪತ್ಮೂರು ಸೆಕೆಂಡಿನ ತುಂಡು ಹಾಡು ಬರತ್ತೆ. ಪಾಲ್ ಅದನ್ನ ಬೇಡ, ಬಿಸಾಕು ಅಂದಿದ್ದ. ಟೇಪ್ ಆಪರೇಟರ್ ಜಾನ್ ಕರ್ಲ್ಯಾಂಡರ್‌ಗೆ ಮೇಲಿನವರು ಮೊದಲೇ ಹೇಳಿಬಿಟ್ಟಿದ್ರು, ಬೀಟಲ್ಸ್‌ದು ಏನನ್ನೂ ಎಸೆಯಬಾರದು ಅಂತ. ಅವನು ನೆಲದಿಂದ ಎತ್ತಿ ಟೇಪಿನ ಕೊನೆಗೆ ಅಂಟಿಸಿಟ್ಟ. ಪಾಲ್‌ಗೆ ಕೇಳಿ ಇಷ್ಟ ಆಯ್ತು, ಹಾಗೇ ಬಿಟ್ರು. ಕತ್ತರಿಸಿದ ಜಾಗ ಸರಿ ಇಲ್ಲದ್ದರಿಂದ ಹಾಡಿನ ಕೊನೇ ಸ್ವರಾನೇ ಇಲ್ಲ. ಬೀಟಲ್ಸ್ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಈ ಟೇಪ್ ಆಪರೇಟರ್.

ಕೇಳದೆ ಸೇರಿಸಿದ್ದು ಒಳ್ಳೇದಾಗಿದ್ದು ಅದೊಂದೇ ಸಲ ಇರಬೇಕು. ಜನವರಿಯ ಹಳೇ ಟೇಪ್‌ಗಳನ್ನ 1970ರಲ್ಲಿ ಫಿಲ್ ಸ್ಪೆಕ್ಟರ್ ಕೈಗೆ ಕೊಟ್ಟರು. ಏಪ್ರಿಲ್ 1ಕ್ಕೆ ಅವನು ವಾದ್ಯಗಾರರು, ಕೋರಸ್ ಹೆಂಗಸರು ಸೇರಿ ಐವತ್ತರಷ್ಟು ಜನರನ್ನ ಕರೆಸಿ ಪಾಲ್‌ನ ಒಂದು ಪಿಯಾನೋ ಹಾಡಿನ ಮೇಲೆ ವಯಲಿನ್, ಹಾರ್ಪ್ ಎಲ್ಲ ಸುರಿದ. ಡ್ರಮ್ಸ್‌ಗೆ ರಿಂಗೋ ಇದ್ದ, ಪಾಲ್‌ನ ಯಾರೂ ಕೇಳಿರಲಿಲ್ಲ. ‘ಐ ಮಿ ಮೈನ್’ ಚಿಕ್ಕದಾಯ್ತು ಅಂತ ಟೇಪಿನ ಒಂದು ಭಾಗವನ್ನೇ ನಕಲು ಮಾಡಿ ಅಂಟಿಸಿ ಎರಡು ನಿಮಿಷ ಇಪ್ಪತ್ತೈದು ಸೆಕೆಂಡಿಗೆ ಉದ್ದ ಮಾಡಿದ್ದೂ ಅವನೇ. ಪಾಲ್ ಪತ್ರ ಬರೆದ, ವಯಲಿನ್ ತಗ್ಗಿಸಿ, ಹಾರ್ಪ್ ತೆಗೆಯಿರಿ ಅಂತ. ಏನೂ ಬದಲಾಗಲಿಲ್ಲ. ಮೇ 8ಕ್ಕೆ ‘ಲೆಟ್ ಇಟ್ ಬಿ’ ಬಂತು, ಡಿಸೆಂಬರ್ ಕೊನೇ ದಿನ ಪಾಲ್ ಕೋರ್ಟಿಗೆ ಹೋದ. ಅಲ್ಲಿ ಈ ಹಾಡಿನ ವಿಷಯಾನೂ ಬಂತು. 2003ರಲ್ಲಿ ವಯಲಿನ್ ಎಲ್ಲ ತೆಗೆದು ಇನ್ನೊಂದು ಸಲ ಆಲ್ಬಂ ತಂದರು, ಮೂವತ್ಮೂರು ವರ್ಷ ಆದ್ಮೇಲೆ. ಒಬ್ಬನನ್ನ ಒಂದು ಮಾತು ಕೇಳಿದ್ದಿದ್ರೆ?

ನಮ್ಮ ಕತೆಗೆ ಬರ್ತೀನಿ. ಗಿಟಾರ್ ಇಲ್ಲದೆ ಆ ಹಾಡು ಇಲ್ಲ. ಬೇಸ್‌ನವನು ‘ಫಸ್ಟ್ ಇಯರ್ ಹುಡುಗ ಒಬ್ಬ ಇದಾನೆ, ಕಲಿಸಿದ್ರೆ ನುಡಿಸ್ತಾನೆ’ ಅಂದ. ನನ್ನ ಹತ್ರ ಜುಲೈನ ಫೋನ್ ರೆಕಾರ್ಡಿಂಗ್ ಇತ್ತಲ್ಲ, ಅದನ್ನ ಡೆಮ್ಯೂಕ್ಸ್‌ಗೆ ಹಾಕಿ ನೋಡಿದೆ. ಇದು ಯಾರು ಬೇಕಾದ್ರೂ ಬಳಸಬಹುದಾದ ಸಾಫ್ಟ್‌ವೇರ್. ಬೇರೆ ಬೇರೆ ಟ್ರ್ಯಾಕ್ ಇರೋ ಹಾಡುಗಳನ್ನ ಕೇಳಿಸಿ ಕೇಳಿಸಿ ಅದಕ್ಕೆ ಯಾವ ಸದ್ದು ಯಾವ ವಾದ್ಯದ್ದು ಅಂತ ತರಬೇತಿ ಕೊಟ್ಟಿರ್ತಾರೆ. ಬಿಸಿಬೇಳೆಬಾತ್ ಕೊಟ್ರೆ ಅಕ್ಕಿ, ಬೇಳೆ, ಹುರುಳಿಕಾಯಿ ಬೇರೆ ಮಾಡಿ ವಾಪಸ್ ಕೊಡೋ ಥರ. ನಾಲ್ಕು ಫೈಲ್ ಬರತ್ತೆ: ಹಾಡು, ಡ್ರಮ್ಸ್, ಬೇಸ್, ಮತ್ತೆ ‘ಅದರ್’. ಗಿಟಾರ್‌ಗೆ ಅಂತ ಹೆಸರಿಲ್ಲ, ಅದು ಈ ‘ಅದರ್’ ಒಳಗೆ ಬಂದು ಬೀಳತ್ತೆ.

ರಾತ್ರಿ ಲ್ಯಾಪ್‌ಟಾಪ್ ಫ್ಯಾನ್ ಹೊಡ್ಕೊಂಡು ಹೊಡ್ಕೊಂಡು ಕೆಲಸ ಮುಗಿಸಿತು. ‘ಅದರ್’ ಹಾಕಿದೆ. ಅವನೇ. ಹಿಂದೆ ನನ್ನ ಸಿಂಬಲ್‌ನ ದೆವ್ವದಂಥ ನೆರಳು, ಸ್ವಲ್ಪ ನೀರೊಳಗಿಂದ ಬಂದ ಹಾಗೆ ಸದ್ದು, ಆದರೆ ಆ ನಾಲ್ಕು ಸ್ವರ, ಬೆರಳು ತಂತಿ ಮೇಲೆ ಜಾರೋ ಕಿರ್ರ್ ಶಬ್ದ ಸಮೇತ ಅಲ್ಲಿತ್ತು. ಕೆಳಗೆ ಅಡುಗೆಮನೇಲಿ ಅಮ್ಮ ಇಟ್ಟ ಕುಕ್ಕರ್‌ನ ವಿಷಲ್ ಎಲ್ಲಿ ಹೋಯ್ತು ಅಂತ ಹುಡುಕಿದೆ. ಅದು ‘ಹಾಡು’ ಫೈಲಿಗೆ ಹೋಗಿತ್ತು. ಸಾಫ್ಟ್‌ವೇರ್ ಪ್ರಕಾರ ನಮ್ಮ ಬ್ಯಾಂಡಲ್ಲಿ ಇಬ್ಬರು ಗಾಯಕಿಯರು.

ತಾತನಿಗೆ ಕೇಳಿಸಿದೆ. ಅವರು ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಇಟ್ಕೊಂಡು ಕೇಳಿ, ‘ಇದು ಕ್ರಾಸ್‌ಟಾಕ್ ತೆಗೆಯೋ ಕೆಲಸ ಅಲ್ವೇನೋ’ ಅಂದ್ರು. ಹಳೇ ಟೆಲಿಫೋನಲ್ಲಿ ಪಕ್ಕದ ಲೈನಿನ ಮಾತು ನಮ್ಮ ಲೈನಲ್ಲಿ ಕೇಳಿಸ್ತಿತ್ತಂತೆ. ಅದನ್ನ ನಿಲ್ಲಿಸೋದೇ ಅವರ ಅರ್ಧ ಜೀವನ. ‘ನಾವು ಇನ್ನೊಬ್ಬರ ಮಾತು ಕೇಳಿಸಬಾರದು ಅಂತ ದುಡಿದ್ವಿ, ನೀವು ಕೇಳಿಸಲಿ ಅಂತ ದುಡೀತೀರ.’ ಆಮೇಲೆ ಹೆಡ್‌ಫೋನ್ ತೆಗೆದು, ‘ಆ ಹುಡುಗನ್ನ ಕೇಳಿದ್ಯಾ?’ ಅಂದ್ರು.

ಅದೇ ಪ್ರಶ್ನೆ ನಾನೂ ಗ್ರೂಪಲ್ಲಿ ಇಟ್ಟಿದ್ದೆ. ಹಾಡೋಳಿಗೆ ಕೇಳೋ ಅಗತ್ಯ ಕಾಣಲಿಲ್ಲ. ‘ಅವನೇ ಬಿಟ್ಟು ಹೋಗಿದ್ದು, ಹಾಡು ಬ್ಯಾಂಡಿಂದು’ ಅಂದಳು. ಅವಳ ಮಾತಲ್ಲೂ ನ್ಯಾಯ ಇದೆ, ಸಾಲು ಬರೆದವಳು ಅವಳು. 2023ರಲ್ಲಿ ಬಂದ ‘ನೌ ಆ್ಯಂಡ್ ದೆನ್’ ಉದಾಹರಣೆ ಕೊಟ್ಟಳು. ಜಾನ್ ಎಪ್ಪತ್ತರ ದಶಕದಲ್ಲಿ ಮನೇಲಿ ಕ್ಯಾಸೆಟ್‌ಗೆ ಹಾಡಿಟ್ಟಿದ್ದು. 1995ರಲ್ಲಿ ಉಳಿದ ಮೂವರು ಪ್ರಯತ್ನಪಟ್ಟು, ಪಿಯಾನೋ ಮತ್ತು ಗುಂಯ್ ಸದ್ದಿನಡಿ ದನಿ ಸಿಗದೆ ಕೈಬಿಟ್ಟಿದ್ದು. ಕೊನೆಗೆ ಇದೇ ಥರದ ಸಾಫ್ಟ್‌ವೇರ್ ಜಾನ್ ದನಿಯನ್ನ ಹೊರಗೆ ತೆಗೀತು, ಜಾರ್ಜ್ 1995ರಲ್ಲಿ ನುಡಿಸಿದ್ದ ಗಿಟಾರನ್ನೂ ಸೇರಿಸಿದ್ರು. ಸತ್ತವರ ಕೈಲೇ ನುಡಿಸಿದ್ದಾರೆ, ಬದುಕಿರೋನದ್ದೇನು ಅಂತ ಅವಳ ವಾದ. ಆದರೆ ಅಲ್ಲಿ ಅವರವರ ಮನೆಯವರನ್ನ ಕೇಳಿಯೇ ಮಾಡಿದ್ದು. ಅಷ್ಟಾದ್ರೂ ಜಾರ್ಜ್‌ಗೆ ಆಗ ಆ ಹಾಡು ಹಿಡಿಸಿರಲಿಲ್ಲ ಅಂತ ಪಾಲ್ ಅವರೇ ಹೇಳ್ಕೊಂಡಿದ್ದಾರೆ. ಜಾರ್ಜ್‌ನ ಈಗ ಕೇಳೋಕಾಗಲ್ಲ. ನಮ್ಮ ಜಾರ್ಜ್ ಇರೋದು ಶಿವಾಜಿನಗರದಲ್ಲಿ, ಹತ್ತು ಕಿಲೋಮೀಟರ್ ಚಿಲ್ಲರೆ.

ಹೋದೆ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ಒಂದು ಟೀ ಅಂಗಡಿ ಹೇಳಿದ. ಸಂಜೆ, ಒಂದು ಕಡೆ ಕೋಳಿ ಅಂಗಡಿ, ಇನ್ನೊಂದು ಕಡೆ ಹಳೇ ಗಾಡಿ ಪಾರ್ಟ್ಸ್, ಮೈಕಲ್ಲಿ ಅಜಾನ್, ಬೆಸಿಲಿಕಾ ಕಡೆಯಿಂದ ಗಂಟೆ. ಇದನ್ನೆಲ್ಲ ಬೇರೆ ಮಾಡೋ ಸಾಫ್ಟ್‌ವೇರ್ ಇನ್ನೂ ಹುಟ್ಟಿಲ್ಲ. ನಾಲ್ಕು ತಿಂಗಳಾಗಿತ್ತು ನೋಡಿ. ‘ಏನ್ ಮಗಾ’ ಅಂದ, ಅಷ್ಟೆ. ಸುಲೈಮಾನಿ ಎರಡು ಹೇಳಿದ. ನಾನು ಇಯರ್‌ಫೋನ್ ಕೊಟ್ಟು ‘ಅದರ್’ ಹಾಕಿದೆ.

ಮೂರು ನಿಮಿಷ ಹನ್ನೊಂದು ಸೆಕೆಂಡ್ ಅವನ ಮುಖ ನೋಡ್ತಾ ಕೂತಿದ್ದೆ. ಟೀ ಆರಿತು. ಅವನು ಎಡಗೈ ಬೆರಳುಗಳನ್ನ ಟೇಬಲ್ ಮೇಲೆ ಒತ್ತುತ್ತಾ ಇದ್ದ, ಯಾವ ಸ್ವರ ಅಂತ ನನಗೆ ಕಾಣ್ತಾ ಇತ್ತು. ಒಂದು ಕಡೆ ಮುಖ ಸಿಂಡರಿಸಿದ. ಮುಗಿದ ಮೇಲೆ, ‘ಎರಡನೇ ಚರಣದಲ್ಲಿ ಬೆಂಡ್ ಪೂರ್ತಿ ಹೋಗಿಲ್ಲ. ಟ್ಯೂನ್ ಸರಿ ಮಾಡಬೇಡ, ಹಂಗೇ ಇರ್ಲಿ’ ಅಂದ. ಅಂದ್ರೆ ಬಳಸಬಹುದು ಅಂತ. ಇನ್ನೂ ಎರಡು ಷರತ್ತು ಹಾಕಿದ. ಮೇಲೆ ಕೀಬೋರ್ಡಿನ ವಯಲಿನ್ ಸೇರಿಸಬಾರದು. ಹೆಸರು ಹಾಕೋವಾಗ ಎಲ್ಲರ ಜೊತೆ ಹಾಕಬೇಕು, ‘ಮಾಜಿ’, ‘ಅತಿಥಿ’ ಅಂತೆಲ್ಲ ಬೇಡ.

‘ನೀನೇ ಬಂದು ನುಡಿಸಿಬಿಡು’ ಅಂದೆ.

‘ಇಲ್ಲ ಮಗಾ. ಅದು ಆಗಲ್ಲ.’

ನಾನು ಮತ್ತೆ ಕೇಳಲಿಲ್ಲ. ಟೀ ದುಡ್ಡು ಅವನೇ ಕೊಟ್ಟ, ಬಸ್ ಸ್ಟ್ಯಾಂಡ್‌ವರೆಗೂ ಬಂದ, ದಾರಿಯುದ್ದಕ್ಕೂ ಹೊಸ ಪಿಕಪ್ ಬಗ್ಗೆ ಮಾತಾಡಿದ.

ಮಾರ್ಚ್‌ನಲ್ಲಿ ಇಂದಿರಾನಗರದ ಸಿಎಂಎಚ್ ರೋಡಿನ ಒಳಗಡೆ ಒಂದು ಜ್ಯಾಮ್ ರೂಮ್ ಎರಡು ಗಂಟೆಗೆ ಬುಕ್ ಮಾಡಿದ್ವಿ. ಹೆಡ್‌ಫೋನಲ್ಲಿ ಅವನ ಗಿಟಾರ್, ಅದರ ಮೇಲೆ ನಾನು ಡ್ರಮ್ಸ್ ನುಡಿಸಬೇಕು. ಸುಲಭ ಅಂದ್ಕೊಂಡಿದ್ವಿ. ಜುಲೈನಲ್ಲಿ ಕ್ಲಿಕ್ ಇಟ್ಕೊಂಡು ನುಡಿಸಿರಲಿಲ್ಲ, ಹಾಗಾಗಿ ಅವನ ಕಾಲಪ್ರಮಾಣ ಓಡಾಡತ್ತೆ. ಪಲ್ಲವಿ ಬರೋ ಮುಂಚೆ ಒಂದು ಚೂರು ಓಡ್ತಾನೆ, ಚರಣದಲ್ಲಿ ಹಿಂದೆ ವಾಲ್ತಾನೆ. ರೂಮಲ್ಲಿ ನಾಲ್ವರೂ ಇದ್ದಾಗ ಅವನು ನನ್ನ ಹಿಂದೆ ಬರ್ತಿದ್ದ, ಲಯ ಹಿಡಿಯೋನು ನಾನು. ಈಗ ಅವನು ಬದಲಾಗೋ ಹಾಗಿಲ್ಲ. ಅವನು ಜುಲೈನಲ್ಲಿ ಇದ್ದಾನೆ, ನಾನು ಮಾರ್ಚ್‌ನಲ್ಲಿ. ನಾನೇ ಹೋಗಬೇಕು. ಆರು ಟೇಕ್ ಆದ್ಮೇಲೆ ಎಲ್ಲೆಲ್ಲಿ ಉಸಿರು ತಗೋತಾನೆ ಅಂತ ಗೊತ್ತಾಗೋಕೆ ಶುರುವಾಯ್ತು. ಬೆರಳು ಜಾರೋ ಆ ಕಿರ್ರ್ ಸದ್ದು ಬಂತು ಅಂದ್ರೆ ಮುಂದಿನ ಸ್ವರಕ್ಕೆ ಆತುರದಲ್ಲಿದ್ದಾನೆ ಅಂತ ಅರ್ಥ. ಒಂದೂವರೆ ವರ್ಷ ಪಕ್ಕದಲ್ಲೇ ಕೂತು ನುಡಿಸಿದಾಗ ಕೇಳಿಸದೇ ಇದ್ದಿದ್ದು ಇದು. ಹಾಡೋಳು ಗಾಜಿನ ಆಚೆ ಕಾಲಲ್ಲಿ ತಾಳ ಹಾಕ್ತಾ, ಒಂದು ಸಲ ಸರಿಯಾಗಿ ಅವನು ಓಡೋ ಜಾಗದಲ್ಲೇ ತಾನೂ ಓಡಿ, ನನ್ನ ಕಡೆ ನೋಡಿದಳು. ಏಳನೇ ಟೇಕ್ ಇಟ್ಕೊಂಡ್ವಿ. ಅವಳ ಹಾಡು ಎರಡೇ ಟೇಕಲ್ಲಿ ಆಯ್ತು. ಆಮೇಲೆ ಬೇಸ್. ಮುಗಿಯ್ತಿದ್ದಂಗೆ ಬಾಗಿಲ ಹತ್ರ ಮುಂದಿನ ಬ್ಯಾಂಡಿನವರು ಗಿಟಾರ್ ಹಿಡ್ಕೊಂಡು ನಿಂತಿದ್ರು, ಫಸ್ಟ್ ಪಿಯು ಹುಡುಗರ ಥರ ಇದ್ರು, ನಮ್ಮನ್ನ ‘ಅಣ್ಣಾ ಆಯ್ತಾ’ ಅಂತ ಕೇಳಿದ್ರು.

ಮಿಕ್ಸ್ ಮಾಡೋಕೆ ಒಂದು ವಾರ ಹಿಡೀತು. ವಯಲಿನ್ ಇಲ್ಲ. ಬೆಂಡ್ ಸರಿ ಮಾಡಿಲ್ಲ. ನಾಲ್ಕು ಹೆಸರು, ಅಕ್ಷರ ಕ್ರಮದಲ್ಲಿ. ಫೈಲನ್ನ ಹಳೇ ಗ್ರೂಪಿಗೇ ಹಾಕಿದೆ, ಅವನು ಇನ್ನೂ ಅದರಲ್ಲೇ ಇದ್ದನಲ್ಲ. ನೀಲಿ ಟಿಕ್ ಬಂತು. ಒಂದು ದಿನ ಏನೂ ಇಲ್ಲ. ಮಾರನೇ ದಿನ ರಾತ್ರಿ ಹನ್ನೊಂದೂವರೆಗೆ ನವೆಂಬರ್ ಆದಮೇಲೆ ಅವನ ಮೊದಲ ಮೆಸೇಜ್:

‘ಕುಕ್ಕರ್ ಎಲ್ಲಿ?’

ಹಾಡೋಳು ಮೂರು ನಗೋ ಮುಖ ಹಾಕಿದಳು. ಬೇಸ್‌ನವನು ‘ಅದನ್ನ ಎಸೆದಿಲ್ಲ ತಾನೇ?’ ಅಂದ. ಎಸೆದಿರಲಿಲ್ಲ, ಜುಲೈನ ‘ಹಾಡು’ ಫೈಲಲ್ಲಿ ಭದ್ರವಾಗಿತ್ತು. ಹಾಡು ಮುಗಿದು ಹದಿನಾಲ್ಕು ಸೆಕೆಂಡ್ ಆದ್ಮೇಲೆ ಒಂದು ವಿಷಲ್ ಹಾಕಿದೀವಿ. ಕೇಳೋವಾಗ ಬೇಗ ಆಫ್ ಮಾಡಬೇಡಿ.